ಪಾಲಕನಿಗೆ ವಿರುದ್ಧಪದ ಒಡೆಯ

ಕನ್ನಡ ಶಾಲೆಯ ವ್ಯಾಕರಣ ಪಾಠದಲ್ಲಿ ವಿರುದ್ಧಾರ್ಥಕ ಪದಗಳ ಪಟ್ಟಿಯೊಂದಿರುತ್ತದೆ. ರಕ್ಷಕ–ಭಕ್ಷಕ, ಪೋಷಕ–ಶೋಷಕ ಎಂಬ ಜೋಡಿಗಳನ್ನು ಮಕ್ಕಳು ರಾಗವಾಗಿ ಬಾಯಿಪಾಠ ಮಾಡುತ್ತಾರೆ. ಪ್ರಾಸ ಕೂಡಿರುವುದರಿಂದ ಅವು ಜೀವಮಾನವಿಡೀ ನೆನಪಿನಲ್ಲಿ ಉಳಿಯುತ್ತವೆ. ಆದರೆ ಬೆಳಗಾವಿ ಸೀಮೆಯಲ್ಲಿ ವಿದ್ಯಾರ್ಥಿಗಳ ತಂದೆತಾಯಿಗಳಿಗೂ, ಅನಾಥ ಬಾಲಕನ ಹಿತ ಕಾಯುವವನಿಗೂ, ಬಸದಿಯ ಆಸ್ತಿಯನ್ನು ನೋಡಿಕೊಳ್ಳುವವನಿಗೂ ಸಲ್ಲುವ 'ಪಾಲಕ' ಎಂಬ ಶಬ್ದಕ್ಕೆ ಅಂಥ ಪ್ರಾಸಬದ್ಧವಾದ ಜೊತೆಯಿಲ್ಲ. ಪಾಲಕನಿಗೆ ವಿರುದ್ಧನಾದವನು ಯಾರು? ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿರುವ ಬಸದಿಗಳ ಹೊಲಮನೆ, ಕಾಣಿಕೆ, ಕಾಗದಪತ್ರಗಳ ವಿಚಾರ ಬಂದಾಗ ಇದು ಕೇವಲ ವ್ಯಾಕರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಭಕ್ಷಕ ಎಂಬ ಪದವು ಸಮಾಜಕ್ಕೆ ಒಂದು ಸುಳ್ಳು ಸಮಾಧಾನವನ್ನು ಕೊಟ್ಟಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಕೇಳಿದೊಡನೆ ಕಣ್ಣ ಮುಂದೆ ಬರುವವನು ಹುಂಡಿ ಒಡೆದವನು, ಪಂಚಲೋಹದ ಬಿಂಬವನ್ನು ಮಾರಿಕೊಂಡವನು, ಖೊಟ್ಟಿ ಸಹಿ ಹಾಕಿ ಹೊಲ ಬರೆದುಕೊಟ್ಟವನು. ಅಂಥವನನ್ನು ಗುರುತಿಸುವುದು ಸುಲಭ, ನಿಂದಿಸುವುದು ಇನ್ನೂ ಸುಲಭ. 'ನಾವು ಭಕ್ಷಕರಲ್ಲ, ಆದ್ದರಿಂದ ರಕ್ಷಕರು' ಎಂದು ಉಳಿದವರೆಲ್ಲ ಲೆಕ್ಕ ಹಾಕಿಬಿಡುತ್ತಾರೆ. ಈ ಲೆಕ್ಕ ತಪ್ಪು. ಬಸದಿಗಳ ಸಂಪತ್ತು ಕರಗುವುದಕ್ಕೆ ಕಳ್ಳನೇ ಬೇಕೆಂದಿಲ್ಲ. ಪಾಲಕನಾಗಿ ಬಂದು, ಪಾಲಕನೆಂದೇ ಕರೆಸಿಕೊಳ್ಳುತ್ತ, ಕ್ರಮೇಣ ಒಡೆಯನಾಗಿ ಕುಳಿತವನಿಂದಲೇ ಆ ಕೆಲಸ ನಡೆಯುತ್ತದೆ.

ಶಾಸನಗಳು ಹೇಳುವುದೇನು?

ಈ ಸೀಮೆಯಲ್ಲಿ ಜಿನಮಂದಿರಕ್ಕೆ ದತ್ತಿ ಬಿಡುವ ಪದ್ಧತಿ ಬಹು ಪ್ರಾಚೀನವಾದುದು. ಗೋಕಾಕದಲ್ಲಿ ದೊರೆತ, ದೆಜ್ಜ ಮಹಾರಾಜನ ಹೆಸರಿನ ತಾಮ್ರಪಟದಲ್ಲಿ ಸೇಂದ್ರಕ ಕುಲದ ಇಂದ್ರಣಂದನು ಅರ್ಹಂತನ ಪೂಜೆಗಾಗಿ ಆರ್ಯಣಂದಿ ಆಚಾರ್ಯರಿಗೆ ಜಲಾರ ಗ್ರಾಮದಲ್ಲಿ ೫೦ ನಿವರ್ತನ ಭೂಮಿಯನ್ನು ಕೊಟ್ಟ ಸಂಗತಿಯಿದೆ. ಗೋಕಾಕ ತಾಲೂಕಿನ ಕೊಣ್ಣೂರು ಅಂದಿನ ಕೊಂಡನೂರು. ಅಲ್ಲಿ ೧೧ನೆಯ ಶತಮಾನದಲ್ಲಿ, ರಟ್ಟರ ಆಳಿಕೆಯಲ್ಲಿ ಎದ್ದ ಬಸದಿಗೂ ಭೂಮಿ ದತ್ತಿಯಾಯಿತು. ಬೆಳಗಾವಿಯಲ್ಲಿ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ರಟ್ಟ ಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ ೧೨೦೪ರಲ್ಲಿ ಶುಭಚಂದ್ರ ಭಟ್ಟಾರಕರ ಹಸ್ತದಲ್ಲಿ ದತ್ತಿ ನಡೆಯಿತು.

ದಾನಶಾಸನಗಳನ್ನು ಬರೆಸಿದವರು ಮನುಷ್ಯ ಸ್ವಭಾವವನ್ನು ಬಲ್ಲವರು. ಆದ್ದರಿಂದಲೇ ಶಾಸನದ ಕೊನೆಗೆ ಕೊಟ್ಟವನ ಹೊಗಳಿಕೆಯ ಜೊತೆಗೆ ಕಾಯುವವನಿಗೂ ಒಂದು ಮಾತನ್ನು ಸೇರಿಸುವ ರೂಢಿ ಬೆಳೆಯಿತು. ದಾನ ಮತ್ತು ಪಾಲನೆ ಇವೆರಡರಲ್ಲಿ ಪಾಲನೆಯೇ ಮಿಗಿಲು ಎಂಬುದು ನಾಡಿನ ನೂರಾರು ಶಾಸನಗಳಲ್ಲಿ ಮರಳಿ ಮರಳಿ ಬರುವ ಆಶಯ. ಕನ್ನಡ ಶಾಸನಗಳಲ್ಲಿ 'ಕಾದವನು' ಎಂಬುದಕ್ಕೆ ಎದುರಾಗಿ ನಿಲ್ಲುವ ಪದ 'ಅಳಿದವನು', ಎಂದರೆ ಧರ್ಮವನ್ನು ಕೆಡಿಸಿದವನು. ಅವನು ತಿಂದನೇ, ತಿನ್ನಲು ಬಿಟ್ಟನೇ, ತನ್ನದೆಂದನೇ ಎಂಬ ಭೇದವನ್ನು ಶಾಸನಕಾರ ಎಣಿಸುವುದಿಲ್ಲ. ಧರ್ಮ ಉಳಿಯಿತೋ ಅಳಿಯಿತೋ ಎಂಬುದೊಂದೇ ಅವನ ಒರೆಗಲ್ಲು.

ಇದಕ್ಕಿಂತ ಕಟುವಾದ ಇನ್ನೊಂದು ಮಾತೂ ಆ ಶಾಪಾಶಯದ ಪದ್ಯಗಳಲ್ಲಿ ಅಡಗಿದೆ. ಪರರು ಕೊಟ್ಟ ಭೂಮಿಯನ್ನು ಅಪಹರಿಸಿದವನಿಗೆ ಹೇಗೋ ಹಾಗೆಯೇ ತಾನೇ ಕೊಟ್ಟ ಭೂಮಿಯನ್ನು ಮರಳಿ ತೆಗೆದುಕೊಂಡವನಿಗೂ ಅರುವತ್ತು ಸಾವಿರ ವರುಷ ಕ್ರಿಮಿಜನ್ಮವೆಂದು ಅವು ಹೇಳುತ್ತವೆ. ತಾನೇ ಕೊಟ್ಟದ್ದಾದರೂ ಸರಿಯೆ! ದಾನದ ಧಾರೆ ಎರೆದ ಕ್ಷಣದಲ್ಲಿ ದಾನಿಯ ಒಡೆತನ ಮುಗಿಯಿತು. ಆಮೇಲೆ ಅವನಿಗೂ ಅವನ ಸಂತತಿಗೂ ಉಳಿಯುವುದು ಪಾಲನೆಯ ಹೊಣೆ ಮಾತ್ರ. 'ನಮ್ಮ ಹಿರಿಯರು ಕೊಟ್ಟ ಹೊಲ, ನಮ್ಮ ಮನೆತನದ ಬಸದಿ' ಎಂದು ಇಂದು ಹೇಳುವ ಮನೆತನಗಳಿಗೆ ಇದಕ್ಕಿಂತ ಹಳೆಯ ಉತ್ತರ ಬೇಕಾಗಿಲ್ಲ.

ಉತಾರದ ಎರಡು ಶಬ್ದಗಳು

ಶಾಸನ ದೂರವಾಯಿತೆನ್ನುವವರು ತಮ್ಮ ಮನೆಯ ಹಳೆಯ ಉತಾರವನ್ನು ಬಿಚ್ಚಿ ನೋಡಬಹುದು. ಮುಂಬಯಿ ಆಡಳಿತದ ಕಾಲದಿಂದ ಬಂದ ಈ ಭಾಗದ ಜಮೀನು ದಾಖಲೆಗಳಲ್ಲಿ ಬಾಲಕನ ಹೆಸರಿನ ಮುಂದೆ 'ಅ.ಪಾ.ಕ.' ಎಂಬ ಮೂರಕ್ಷರಗಳನ್ನು ಬರೆದು ತಾಯಿಯ ಅಥವಾ ಚಿಕ್ಕಪ್ಪನ ಹೆಸರನ್ನು ಕಾಣಿಸುವ ರೂಢಿಯಿದೆ. ಅಜ್ಞಾನ ಪಾಲನಕರ್ತ ಎಂಬುದರ ಸಂಕ್ಷೇಪವದು. ಇಲ್ಲಿ ಅಜ್ಞಾನನೆಂದರೆ ವಯಸ್ಸಿಗೆ ಬಾರದವನು. ಹೊಲ ಅವನದು, ದುಡಿಮೆ ಪಾಲನಕರ್ತನದು. ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಅದರ ೮ನೆಯ ಕಲಮಿನಂತೆ ಹೆತ್ತ ತಂದೆಯೂ ಸಹ ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ಕರುಳಿನ ಸಂಬಂಧವನ್ನೂ ಕಾನೂನು ಒಡೆತನವೆಂದು ಒಪ್ಪುವುದಿಲ್ಲ.

ಬಸದಿಯ ಹೊಲದ ದಾಖಲೆಯಲ್ಲಿ ಬರುವ ಶಬ್ದ 'ವಹಿವಾಟದಾರ'. ದೇವರ ಹೆಸರಿನಲ್ಲಿ ವ್ಯವಹಾರ ನಡೆಸುವವನೆಂದು ಅದರ ಅರ್ಥ. ಅದಕ್ಕೆ ಎದುರಾದ ಶಬ್ದ 'ಕಬ್ಜೆದಾರ', ಎಂದರೆ ಸ್ವಾಧೀನದಲ್ಲಿ ಇಟ್ಟುಕೊಂಡವನು. ಬಸದಿಯ ಹೆಸರು ಮೊದಲು, ವಹಿವಾಟದಾರನ ಹೆಸರು ಅದರ ಕೆಳಗೆ. ಒಂದು ತಲೆಮಾರು ಕಳೆದು ವಾರಸಾ ನೋಂದಣಿಯಾಗುವಾಗ ವಹಿವಾಟದಾರ ಎಂಬ ಶಬ್ದವೊಂದು ಬಿಟ್ಟುಹೋದರೆ ಸಾಕು, ಇನ್ನೊಂದು ತಲೆಮಾರಿಗೆ ಒಂಬತ್ತನೆಯ ಕಾಲಮಿನಲ್ಲಿ ಮನೆತನದ ಹೆಸರು ಮಾತ್ರ ಉಳಿಯುತ್ತದೆ. ಬೀಗ ಒಡೆದವರಿಲ್ಲ, ಖೊಟ್ಟಿ ಸಹಿ ಮಾಡಿದವರಿಲ್ಲ. ಒಂದು ಶಬ್ದ ಮಾತ್ರ ಅಳಿದಿದೆ, ಅದರೊಡನೆ ಒಂದು ಧರ್ಮವೂ ಅಳಿದಿದೆ. ಕನ್ನಡದ ಕೋಶದಲ್ಲಿ ಇಲ್ಲದ ವಿರುದ್ಧಪದವನ್ನು ತಲಾಠಿಯ ದಫ್ತರು ಹೀಗೆ ಒದಗಿಸಿದೆ.

ಈ ಮಾತಿಗೆ ಇಂದು ಬೆಲೆ ಹೆಚ್ಚಲು ಕಾರಣವಿದೆ. ಧೂಪದಾಳದ ಒಡ್ಡು, ಹಿಡಕಲ್ ಜಲಾಶಯ ಮತ್ತು ಘಟಪ್ರಭೆಯ ಕಾಲುವೆಗಳಿಂದ ಈ ತಾಲೂಕುಗಳ ಎಷ್ಟೋ ಒಣಭೂಮಿ ನೀರಾವರಿಗೆ ಒಳಪಟ್ಟು ಕಬ್ಬಿನ ಬೆಳೆಯನ್ನು ಕಂಡಿತು. ನಾಲ್ಕು ಚೀಲ ಜೋಳ ಬೆಳೆದು ನಂದಾದೀಪಕ್ಕೆ ಎಣ್ಣೆ ಒದಗಿಸುತ್ತಿದ್ದ ಹೊಲ ಸಕ್ಕರೆ ಕಾರಖಾನೆಗೆ ಕಬ್ಬು ಕಳಿಸುವ ಹೊಲವಾಯಿತು. ಊರು ಬೆಳೆದು ರಸ್ತೆ ಬದಿಯ ತುಂಡು ನೆಲ ಅಂಗಡಿಗಳ ಸಾಲಾಯಿತು. ಆದರೆ ಬಸದಿಗೆ ಬರುವ ಲಾವಣಿ ಮತ್ತು ಬಾಡಿಗೆ ಎಷ್ಟೋ ಕಡೆ ಜೋಳದ ಕಾಲದ ದರದಲ್ಲಿಯೇ ನಿಂತಿದ್ದರೆ, ನಡುವಣ ಅಂತರ ಯಾರ ಮನೆಗೆ ಹೋಗುತ್ತದೆ ಎಂದು ಕೇಳುವುದು ಅಪಚಾರವಲ್ಲ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರ ವಶದಲ್ಲಿದ್ದ ಭೂಮಿ ಸರಕಾರದಲ್ಲಿ ನಿಹಿತವಾಗಿ ಉಳುವವನಿಗೆ ಅದರ ಹಕ್ಕು ದೊರೆಯಿತು. ಧಾರ್ಮಿಕ ಸಂಸ್ಥೆಗಳೂ ಇದಕ್ಕೆ ಹೊರತಾಗಲಿಲ್ಲ. ಬೆವರು ಸುರಿಸಿ ಉತ್ತ ಬಡ ಗೇಣಿದಾರ ಬಸದಿಯ ವೈರಿಯಲ್ಲ, ಅವನನ್ನು ಭಕ್ಷಕನೆನ್ನುವುದು ಅಧರ್ಮ. ಪ್ರಶ್ನೆಯಿರುವುದು ಉಳಿದ ಆಸ್ತಿಯದು, ಮತ್ತು ಅದನ್ನು ಪಂಚರ ಸಭೆಯಲ್ಲಿ ಕುಳಿತು ತಮ್ಮ ಬಂಧುಗಳಿಗೇ ಅಗ್ಗದ ಲಾವಣಿಗೆ ಹಂಚುವವರದು.

ಮೂರ್ಛೆಯೇ ಪರಿಗ್ರಹ

ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹುಡುಕದೆ ಮನಸ್ಸಿನ ಮೂರ್ಛೆಯಲ್ಲಿ ಗುರುತಿಸಿದರು. 'ನನ್ನದು' ಎಂಬ ಮಮಕಾರವೇ ಆ ಮೂರ್ಛೆ. ಈ ದೃಷ್ಟಿಯಿಂದ ನೋಡಿದರೆ ಒಂದು ಪೈಸೆಯನ್ನೂ ಮುಟ್ಟದ ವಿಶ್ವಸ್ಥನು ಸಹ ಬಸದಿಯ ಪರಿಗ್ರಹಿಯಾಗಬಲ್ಲನು. ಬೀಗದ ಕೈ ತನ್ನ ಸೊಂಟದಲ್ಲಿಯೇ ಇರಬೇಕು, ಪಂಚಕಲ್ಯಾಣದ ಪತ್ರಿಕೆಯಲ್ಲಿ ತನ್ನ ಹೆಸರೇ ಮೊದಲಾಗಬೇಕು, ಅಭಿಷೇಕದ ಸವಾಲಿನಲ್ಲಿ ತನ್ನ ಮನೆಗೇ ಮನ್ನಣೆ ಸಿಗಬೇಕು, ತನ್ನ ತರುವಾಯ ತನ್ನ ಮಗನೇ ಅಧ್ಯಕ್ಷನಾಗಬೇಕು ಎಂಬ ಹಂಬಲ ಹಣದ ಹಂಬಲಕ್ಕಿಂತ ಕಡಿಮೆಯದಲ್ಲ. ಇಂಥವನು ಪ್ರಾಮಾಣಿಕನೆಂದು ಊರೆಲ್ಲ ಹೇಳುತ್ತದೆ. ಪ್ರಾಮಾಣಿಕನೂ ಹೌದು, ಒಡೆಯನೂ ಹೌದು.

ಎಲ್ಲವನ್ನೂ, ಮೈಮೇಲಿನ ವಸ್ತ್ರವನ್ನೂ ತ್ಯಜಿಸಿದ ವೀತರಾಗನಿಗೆ ಹೊಲವಿಲ್ಲ, ಹುಂಡಿಯಿಲ್ಲ. ಆತನು ಕೋಪಿಸುವುದಿಲ್ಲ, ದೂರು ಕೊಡುವುದಿಲ್ಲ, ಸ್ವಪ್ನದಲ್ಲಿ ಬಂದು ಬೆದರಿಸುವುದೂ ಇಲ್ಲ. ಬಾಲಕನಾದರೂ ಒಂದು ದಿನ ವಯಸ್ಸಿಗೆ ಬಂದು ಪಾಲನಕರ್ತನನ್ನು ಲೆಕ್ಕ ಕೇಳುತ್ತಾನೆ, ಜಿನಬಿಂಬವು ಎಂದೂ ಕೇಳದು. ಆದುದರಿಂದ ಬಸದಿಯ ಪಾಲಕನ ಹೊಣೆ ಬಾಲಕನ ಪಾಲಕನ ಹೊಣೆಗಿಂತ ಭಾರವಾದುದು. ಲೆಕ್ಕ ಕೇಳಬೇಕಾದವರು ಶ್ರಾವಕ ಶ್ರಾವಿಕೆಯರು, ಮತ್ತು ಲೆಕ್ಕ ಬರೆದಿಡುವುದು ಪಾಲಕನ ಸ್ವಂತ ಕರ್ಮ.

ಜೈನ ರಾಮಾಯಣ ಪರಂಪರೆಯು ಈ ತತ್ತ್ವವನ್ನು ಕಥೆಯಾಗಿ ಹೇಳಿದೆ. ಅಲ್ಲಿ ರಾಕ್ಷಸರು ನರಭಕ್ಷಕರಲ್ಲ, ವಿದ್ಯಾಧರ ವಂಶದವರು. ರಾವಣನು ಜಿನಭಕ್ತ, ವ್ರತವನ್ನು ಹಿಡಿದವನು. ಕನ್ನಡದಲ್ಲಿ ನಾಗಚಂದ್ರನು ರಾಮಚಂದ್ರಚರಿತಪುರಾಣದಲ್ಲಿ ಚಿತ್ರಿಸಿದ ರಾವಣನಿಗೆ ತನ್ನ ತಪ್ಪಿನ ಅರಿವೂ ಆಗುತ್ತದೆ. ಸೀತೆಯನ್ನು ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಅಂಜಿದನೆಂದಾರು, ಯುದ್ಧದಲ್ಲಿ ಗೆದ್ದ ಬಳಿಕ ಒಪ್ಪಿಸುವೆನೆಂದು ತಡೆಯುತ್ತಾನೆ. ಆ ತಡೆಯುವಿಕೆಯೇ ಅವನನ್ನು ಕೆಡಿಸಿತು. ಬಸದಿಯ ಹಳೆಯ ಲೆಕ್ಕವನ್ನು 'ಈ ವರುಷ ಬೇಡ, ಮುಂದಿನ ಉತ್ಸವ ಮುಗಿಯಲಿ' ಎಂದು ತಡೆಹಿಡಿದವರು ಈ ಕಥೆಯನ್ನು ಮತ್ತೊಮ್ಮೆ ಓದಬೇಕು. ಪಾಲಕನಿಗೆ ವಿರುದ್ಧನಾದವನು ಹೊರಗಿನಿಂದ ಬರಬೇಕಾಗಿಲ್ಲ, ಅವನು ಪಾಲಕನ ಒಳಗೇ ಹುಟ್ಟಬಲ್ಲನು.

ಉಪೇಕ್ಷಕ ಮತ್ತು ಅನುಮೋದಕ

ಒಡೆಯನ ಬದಿಯಲ್ಲಿ ಇನ್ನಿಬ್ಬರು ನಿಲ್ಲುತ್ತಾರೆ. ಮೊದಲನೆಯವನು ಉಪೇಕ್ಷಕ. ಅವನು ಏನನ್ನೂ ತೆಗೆದುಕೊಳ್ಳುವುದಿಲ್ಲ, ಏನನ್ನೂ ನೋಡುವುದೂ ಇಲ್ಲ. ದಾನಪತ್ರದ ಒಂದೇ ಪ್ರತಿ ಒಬ್ಬರ ಮನೆಯ ಟ್ರಂಕಿನಲ್ಲಿ, ತಾಡವೋಲೆಯ ಕಟ್ಟು ಗೆದ್ದಲಿನ ಬಾಯಲ್ಲಿ, ಶಾಸನದ ಕಲ್ಲು ಬಚ್ಚಲ ಬಳಿಯಲ್ಲಿ. ೨೦೧೯ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯ ಮಹಾಪೂರ ಗೋಕಾಕ ನಗರಕ್ಕೆ ನುಗ್ಗಿದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. ಅಂಥ ರಾತ್ರಿಯಲ್ಲಿ ಹೊಳೆದಂಡೆಯ ಮನೆಯ ಟ್ರಂಕಿನಲ್ಲಿರುವ ಒಂದೇ ಪ್ರತಿಯ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ. ರಟ್ಟ ಜಿನಾಲಯದ ದತ್ತಿಯನ್ನು ಸಾರುವ ಎರಡು ಶಿಲಾಶಾಸನಗಳು ಇಂದು ಬೆಳಗಾವಿಯ ಕೋಟೆಯಲ್ಲಿ ಇಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಜಿಯಂ ಸೇರಿವೆ. ತನ್ನ ಊರಿನಲ್ಲಿ ಕಾಯುವವರಿಲ್ಲದ ಕಲ್ಲು ಸಮುದ್ರವನ್ನೂ ದಾಟುತ್ತದೆ.

ಎರಡನೆಯವನು ಅನುಮೋದಕ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆಂಬುದನ್ನು ಪಾಠಶಾಲೆಯ ಬಾಲಕನೂ ಬಲ್ಲನು. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದನ್ನು ಒಪ್ಪಿದ್ದು ಮೂರೂ ಹೊರೆಯೇ. ಜೀವಹಿಂಸೆಯ ವಿಷಯದಲ್ಲಿ ಈ ಸೂಕ್ಷ್ಮವನ್ನು ಪಾಲಿಸುವ ಕುಟುಂಬಗಳು, ನೀರನ್ನು ಸೋಸಿ ಕುಡಿಯುವ ಕುಟುಂಬಗಳು, ಬಸದಿಯ ಹಣದ ವಿಷಯದಲ್ಲಿ ಸೋಸುವ ಬಟ್ಟೆಯನ್ನೇ ಮರೆತುಬಿಡುತ್ತವೆ. ಸಭೆಯಲ್ಲಿ ಜಮಾಖರ್ಚು ಓದದೆಯೇ 'ಮಂಜೂರು' ಎಂದು ಕೈ ಎತ್ತಿದ ಪ್ರತಿಯೊಬ್ಬರೂ ಅನುಮೋದಕರೇ.

ಹುಕ್ಕೇರಿ ತಾಲೂಕಿನ ಜನರಿಗೆ ಲೆಕ್ಕ ಕೇಳಲು ಬಾರದೆಂದಲ್ಲ. ೧೯೬೯ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆ ತಾಲೂಕಿನದೇ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆಯೂ ಅಲ್ಲಿಯದೇ. ಕಬ್ಬಿನ ಬಿಲ್ಲಿನಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಕಾರಖಾನೆಯ ಬಾಗಿಲಿಗೆ ಹೋಗಿ ನಿಲ್ಲುವ ರೈತ, ಸರ್ವಸಾಧಾರಣ ಸಭೆಯ ಅಹವಾಲನ್ನು ಪುಟಪುಟವಾಗಿ ಓದಿ ಪ್ರಶ್ನೆ ಹಾಕುವ ಸದಸ್ಯ, ಬಸದಿಯ ಮೆಟ್ಟಿಲು ಹತ್ತಿದೊಡನೆ ಮೂಕನಾಗುವುದೇಕೆ? ಅದನ್ನು ಭಕ್ತಿಯೆನ್ನಲಾಗದು. ಅದು ದಾಕ್ಷಿಣ್ಯ.

ಆಕ್ಷೇಪಗಳಿಗೆ ಸಮಾಧಾನ

ಈ ವಾದಕ್ಕೆ ಎದುರು ಮಾತುಗಳಿವೆ, ಅವುಗಳಲ್ಲಿ ಹುರುಳೂ ಇದೆ. ವಿಶ್ವಸ್ಥರು ಸಂಬಳವಿಲ್ಲದೆ ದುಡಿಯುತ್ತಾರೆ, ಮನೆಗೆಲಸ ಬಿಟ್ಟು ಕಚೇರಿಗಳಿಗೆ ಅಲೆಯುತ್ತಾರೆ, ಅವರನ್ನೇ ಸಂಶಯಿಸಿದರೆ ನಾಳೆ ಯಾರು ಮುಂದೆ ಬರುವರೆಂಬುದು ಮೊದಲನೆಯದು. ಆದರೆ ಲೆಕ್ಕ ಕೇಳುವುದು ಸಂಶಯಿಸಿದಂತಲ್ಲ. ಲೆಕ್ಕ ಬಹಿರಂಗವಾದಾಗ ಮೊದಲು ರಕ್ಷಣೆ ದೊರೆಯುವುದು ಪ್ರಾಮಾಣಿಕ ವಿಶ್ವಸ್ಥನಿಗೇ. ಅವನ ಮೇಲೆ ಕಟ್ಟೆಯ ಮಾತುಗಳು ಹುಟ್ಟಲು ಎಡೆಯೇ ಇರುವುದಿಲ್ಲ.

ಮನೆಯ ಮಾತು ಬೀದಿಗೆ ಬಂದರೆ ಅಲ್ಪಸಂಖ್ಯಾತ ಸಮಾಜದ ಮಾನ ಹೋಗುತ್ತದೆಂಬುದು ಎರಡನೆಯದು. ಆಲೋಚನೆ, ಪ್ರತಿಕ್ರಮಣಗಳನ್ನು ನಿತ್ಯಕರ್ಮವಾಗಿ ವಿಧಿಸಿದ ಧರ್ಮದಲ್ಲಿ ಈ ಮಾತಿಗೆ ಸ್ಥಾನವಿಲ್ಲ. ಮುನಿಗಳೂ ಗುರುಸನ್ನಿಧಿಯಲ್ಲಿ ತಮ್ಮ ದೋಷಗಳನ್ನು ನಿವೇದಿಸಿಕೊಳ್ಳುವಾಗ ಟ್ರಸ್ಟಿಗೆ ಮಾತ್ರ ಗೋಪ್ಯ ಯಾಕೆ? ವರ್ಷಕ್ಕೊಮ್ಮೆ ಓದುವ ಜಮಾಖರ್ಚೇ ಟ್ರಸ್ಟಿನ ಪ್ರತಿಕ್ರಮಣ.

ಕಾನೂನು ಬಸದಿಯ ಒಳಗೆ ಕಾಲಿಡಬಾರದೆಂಬುದು ಮೂರನೆಯದು. ಕಾನೂನು ಬಹಳ ಹಿಂದೆಯೇ ಕಾಲಿಟ್ಟಿದೆ. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ ಬಂದ ೧೯೫೦ರ ಸಾರ್ವಜನಿಕ ನ್ಯಾಸಗಳ ಕಾಯ್ದೆಯು ತನ್ನ ೩೬ನೆಯ ಕಲಮಿನಲ್ಲಿ ನ್ಯಾಸದ ಸ್ಥಿರಾಸ್ತಿಯ ಮಾರಾಟಕ್ಕೂ, ಕೃಷಿಭೂಮಿಯ ೧೦ ವರ್ಷ ಮೀರಿದ ಲಾವಣಿಗೂ, ಇತರ ಆಸ್ತಿಯ ೩ ವರ್ಷ ಮೀರಿದ ಬಾಡಿಗೆಗೂ ಪೂರ್ವಾನುಮತಿಯನ್ನು ಕಡ್ಡಾಯ ಮಾಡಿತು. ದಿವಾಣಿ ಪ್ರಕ್ರಿಯಾ ಸಂಹಿತೆಯ ೯೨ನೆಯ ಕಲಮಿನಂತೆ ನ್ಯಾಸದಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಸೇರಿ ನ್ಯಾಯಾಲಯದ ಅನುಮತಿ ಪಡೆದು ಲೆಕ್ಕವನ್ನು ಕೇಳಬಹುದು, ತಪ್ಪಿದ ವಿಶ್ವಸ್ಥನನ್ನು ತೆಗೆಸಬಹುದು. ನಿರ್ದಿಷ್ಟ ಉದ್ದೇಶಕ್ಕಾಗಿ ವಹಿಸಿಕೊಟ್ಟ ನ್ಯಾಸದ ಆಸ್ತಿಯನ್ನು ವಿಶ್ವಸ್ಥನಿಂದ ಮರಳಿ ಪಡೆಯುವ ದಾವೆಗೆ ೧೯೬೩ರ ಕಾಲಮಿತಿ ಕಾಯ್ದೆಯ ೧೦ನೆಯ ಕಲಮು ಅವಧಿಯ ಅಡ್ಡಿಯನ್ನೇ ಇಟ್ಟಿಲ್ಲ. ಎಷ್ಟು ವರುಷ ಕುಳಿತರೂ ಪಾಲಕನು ಒಡೆಯನಾಗಲಾರ ಎಂಬುದೇ ಇದರ ತಾತ್ಪರ್ಯ. ಶಾಸನಕಾರನೂ ಕಾನೂನು ಬರೆದವನೂ ಇಲ್ಲಿ ಒಂದೇ ಮಾತನ್ನು ಆಡಿದ್ದಾರೆ.

ಆದರೂ ನ್ಯಾಯಾಲಯ ಕೊನೆಯ ಬಾಗಿಲು. ಅದಕ್ಕೆ ಮೊದಲು ಸಮಾಜವೇ ತೆರೆಯಬೇಕಾದ ಬಾಗಿಲುಗಳಿವೆ.

ಮಾಡಬೇಕಾದುದು

ಪ್ರತಿಯೊಂದು ಬಸದಿಯೂ ತನ್ನ ಹೊಲ, ಮನೆ, ಅಂಗಡಿ, ಬಿಂಬ, ಬೆಳ್ಳಿಬಂಗಾರ, ಹಸ್ತಪ್ರತಿಗಳ ಯಾದಿಯನ್ನು ಮಾಡಿ ಅದರ ಮೂರು ಪ್ರತಿಗಳನ್ನು ಮೂರು ಬೇರೆ ಸ್ಥಳಗಳಲ್ಲಿ ಇಡಬೇಕು. ಉತಾರಗಳನ್ನು ತೆಗೆಸಿ ಬಸದಿಯ ಹೆಸರು ಎಲ್ಲಿ ಬಿಟ್ಟುಹೋಗಿದೆಯೆಂದು ಪರಿಶೀಲಿಸಬೇಕು. ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿಯ ಬಸದಿಗಳವರು ಹಳೆಯ ಫೇರಫಾರುಗಳನ್ನು ಗೋಕಾಕದ ದಫ್ತರಿನಲ್ಲಿಯೂ ಹುಡುಕಬೇಕಾದೀತು. ಜಮಾಖರ್ಚನ್ನು ಬಸದಿಯ ಗೋಡೆಗೆ ಅಂಟಿಸಬೇಕು. ಕಾಣಿಕೆಗಾಗಿ ಇಟ್ಟ ಕ್ಯೂಆರ್ ಫಲಕ ಟ್ರಸ್ಟಿನ ಬ್ಯಾಂಕ್ ಖಾತೆಗೇ ಸೇರಿರಬೇಕು, ಯಾವ ವ್ಯಕ್ತಿಯ ಖಾತೆಗೂ ಅಲ್ಲ. ವಿಶ್ವಸ್ಥನಾಗಲಿ ಅವನ ಬಂಧುವಾಗಲಿ ಬಸದಿಯ ಆಸ್ತಿಯನ್ನು ಲಾವಣಿಗೆ ಹಿಡಿಯಬಾರದು. ಲಾವಣಿ ಮತ್ತು ಬಾಡಿಗೆಗಳು ಬಹಿರಂಗ ಸವಾಲಿನಲ್ಲಿಯೇ ನಿಶ್ಚಯವಾಗಬೇಕು. ಅಭಿಷೇಕಕ್ಕೆ ಸವಾಲು ಕರೆಯಬಲ್ಲ ಸಮಾಜಕ್ಕೆ ಹೊಲಕ್ಕೆ ಸವಾಲು ಕರೆಯುವುದು ಕಷ್ಟವಲ್ಲ. ಅಧಿಕಾರಕ್ಕೆ ಅವಧಿ ಇರಬೇಕು, ಮತ್ತು ಬಸದಿಯನ್ನು ನಿತ್ಯ ಗುಡಿಸಿ ಸಾರಿಸಿ ಪೂಜೆಗೆ ಅಣಿಮಾಡುವ ಶ್ರಾವಿಕೆಯರಿಗೆ ಪಂಚರ ಸಾಲಿನಲ್ಲಿಯೂ ಸ್ಥಾನ ಸಿಗಬೇಕು.

ತಮ್ಮ ಹೆಸರಿನಲ್ಲಿ ಬಸದಿಯ ನೆಲ ಉಳಿದುಹೋಗಿದೆಯೆಂದು ತಿಳಿದ ಮನೆತನಗಳು ಯಾರ ನೋಟೀಸಿಗೂ ಕಾಯದೆ ಅದನ್ನು ಮರಳಿಸಲಿ. ಹಾಗೆ ಮರಳಿಸಿದವರನ್ನು ಸಮಾಜವು ನಿಂದಿಸದೆ, ಕೆದಕದೆ, ಸಭೆಯ ಎದುರು ಗೌರವಿಸಲಿ. ಕೊಟ್ಟವರಿಗೆ ಒಂದು ಪುಣ್ಯ, ಕಾಯ್ದವರಿಗೆ ಮಿಗಿಲಾದ ಪುಣ್ಯವೆಂದು ಹಿರಿಯರು ಕಲ್ಲಿನಲ್ಲಿ ಕೊರೆಸಿದ ಮಾತಿಗೆ ಆಗ ಅರ್ಥ ಬರುತ್ತದೆ. ಮುಂದಿನ ಮಹಾವೀರ ಜಯಂತಿಯೊಳಗಾಗಿ ಮೂರೂ ತಾಲೂಕುಗಳ ಪ್ರತಿಯೊಂದು ಬಸದಿಯ ಗೋಡೆಯ ಮೇಲೆ ಆಸ್ತಿಯ ಯಾದಿಯೂ ವರ್ಷದ ಜಮಾಖರ್ಚೂ ಕಾಣಿಸಿಕೊಳ್ಳಬೇಕು. ಅದನ್ನು ಕೇಳುವ ಅಧಿಕಾರ ಬಸದಿಯ ಹೊಸ್ತಿಲು ದಾಟುವ ಪ್ರತಿಯೊಬ್ಬ ಶ್ರಾವಕನಿಗೂ ಶ್ರಾವಿಕೆಗೂ ಇದೆ.